ಕ ಖ ಗ ಙ: ಬೈಲಕುಪ್ಪೆಯ ಪುಟ್ಟ ಮಕ್ಕಳ ಶಾಲೆ



ಮಕ್ಕಳ ಶಿಕ್ಷಣದ ಬಗ್ಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಮಹಿಳಾ ವೇದಿಕೆಯ ಸಂಪಾದಕಿಯರು ಕೇಳಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಬಹುಶಃ ‘ಪ್ಲೇಸ್ಕೂಲ್ ಆರಿಸುವುದು ಹೇಗೆ’ ಎಂಬಂಥ ಲೇಖನ. ಮಗರಪಟ್ಟಾದಲ್ಲಿ ಅದೇನು ಸಣ್ಣ ವಿಷಯವಲ್ಲ. ಎರಡೂವರೆ ವರ್ಷದ ಮಗುವಿನ ಶಾಲೆಗಾಗಿ ನಾವು ಮಾಡುವಷ್ಟು ದೊಡ್ಡ ಎಕ್ಸೆಲ್ ಶೀಟನ್ನು ಆಫೀಸಿನ ಪ್ರಾಜೆಕ್ಟಿಗೂ ಮಾಡಿರುವುದಿಲ್ಲ. ಫೀಸು ಎಷ್ಟು, ಸಿಸಿಟಿವಿ ಇದೆಯೇ, ಮಾಂಟೆಸ್ಸರಿಯೋ ಪ್ಲೇವೇಯೋ, ವ್ಯಾನು ಸೊಸೈಟಿ ಗೇಟಿನವರೆಗೆ ಬರುತ್ತದೆಯೋ ಇಲ್ಲವೋ! ಆ ಲೇಖನ ಬರೆಯಲು ನನಗಿಂತ ಅನುಭವಸ್ಥರು ನಮ್ಮಲ್ಲೇ ಇದ್ದಾರೆ. ನಾನು ಹೇಳಹೊರಟಿರುವುದು ಪುಟ್ಟ ಮಕ್ಕಳ ಶಾಲೆಯ ಇನ್ನೊಂದು ಚರಿತ್ರೆ. ನಮ್ಮ ಕರ್ನಾಟಕದಲ್ಲೇ, ಮೈಸೂರು ಜಿಲ್ಲೆಯ ಕಾಡಿನ ಅಂಚಿನಲ್ಲಿ, ದೇಶ ಕಳೆದುಕೊಂಡು ಬಂದವರು ಕಟ್ಟಿಕೊಂಡ ಚರಿತ್ರೆ ಅದು.

ಇದನ್ನು ಹುಡುಕಿಕೊಂಡು ಓದಲು ನನಗೆ ಕಾರಣ ಸಿಕ್ಕಿದ್ದು ಪುಣೆಯಲ್ಲೇ. ಚಳಿಗಾಲ ಬಂತೆಂದರೆ ಇಲ್ಲಿಯೂ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ. ಎರಡು ವರ್ಷದ ಹಿಂದೆ ಅಂಥ ಒಂದು ಅಂಗಡಿಯಲ್ಲಿ ನಾನು ಮನೆಯವರ ಜತೆ ಬಣ್ಣದ ಬಗ್ಗೆ ಕನ್ನಡದಲ್ಲಿ ವಾದ ಮಾಡುತ್ತಿದ್ದಾಗ, ಅಂಗಡಿಯಾಕೆ ನಡುವೆ ಬಾಯಿ ಹಾಕಿದಳು: “ಏನ್ರೀ ಅಕ್ಕಾರ, ಹುಬ್ಬಳ್ಳಿ ಕಡ್ಯಾವ್ರೇನ್ರಿ?” ನಾನು ಹೌದೆಂದೆ. “ನಮ್ದು ಮುಂಡಗೋಡ ರೀ.” ಹುಬ್ಬಳ್ಳಿಯವಳಾದ ನನಗೆ ಮುಂಡಗೋಡ ಎಂದರೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಮಾತು ಬೆಳೆಯಿತು. ಮಕ್ಕಳೆಲ್ಲಿ ಎಂದೆ. “ಸಣ್ಣಾಕಿ ಅಜ್ಜಿ ಹತ್ರ ಅದಾಳ್ರಿ. ಮುಂಜಾನೆ ನರ್ಸರಿಗೆ ಹೋಗ್ತಾಳ. ನಾವು ಮೂರ್ನಾಲ್ಕು ತಿಂಗಳು ಇಲ್ಲೇ.” ಅಷ್ಟು ಹೇಳಿ, ಇನ್ನೊಬ್ಬ ಗಿರಾಕಿಗೆ ಹಿಂದಿಯಲ್ಲಿ ರೇಟು ಹೇಳಲು ತಿರುಗಿದಳು.

ತಾಯಿ ಮೂರ್ನಾಲ್ಕು ತಿಂಗಳು ಊರಲ್ಲಿ ಇರುವುದಿಲ್ಲ, ಮಗು ಬೆಳಿಗ್ಗೆ ನರ್ಸರಿಗೆ ಹೋಗುತ್ತದೆ. ಈ ಎರಡು ಮಾತುಗಳ ಹಿಂದೆ ಅರವತ್ತಕ್ಕೂ ಹೆಚ್ಚು ವರ್ಷಗಳ ಕಥೆ ಇದೆ.

1959ರ ಮಾರ್ಚಿನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನ ಹಿಮಾಲಯ ದಾಟಿದರು. ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಮುಂತಾದ ಕಡೆ ಅವರಿಗೆ ತಾತ್ಕಾಲಿಕ ಶಿಬಿರಗಳಾದವು. ಎತ್ತರದ ತಣ್ಣನೆಯ ನಾಡಿನಿಂದ ಇಳಿದವರಿಗೆ ಅಸ್ಸಾಮಿನ ಸೆಖೆ, ಹೊಸ ನೀರು, ಹೊಸ ಊಟ. ಬಂದವರಲ್ಲಿ ಕಾಯಿಲೆ ಹರಡಿತು. ಇವರನ್ನು ತಂಪು ಪ್ರದೇಶಕ್ಕೆ ಕಳಿಸಬೇಕು, ಕೆಲಸವನ್ನೂ ಕೊಡಬೇಕು ಎಂದು ಸರ್ಕಾರ ಆಗ ಕಂಡುಕೊಂಡ ದಾರಿ, ಬೆಟ್ಟಗಳಲ್ಲಿ ರಸ್ತೆ ಕೆಲಸ. ಜಮ್ಮು, ಹಿಮಾಚಲ, ಸಿಕ್ಕಿಂ ಕಡೆಗಳಲ್ಲಿ ಸಾವಿರಾರು ಟಿಬೆಟಿಯನ್ ಗಂಡಸರು, ಹೆಂಗಸರು ಕಲ್ಲು ಒಡೆದು ರಸ್ತೆ ಮಾಡಿದರು.

ಅಮ್ಮ ಅಪ್ಪ ಇಬ್ಬರೂ ಕಲ್ಲು ಒಡೆಯುವಾಗ ಮಗು ಎಲ್ಲಿರಬೇಕು? ರಸ್ತೆಯ ಬದಿಯಲ್ಲೇ, ಧೂಳಿನಲ್ಲಿ, ಟೆಂಟಿನಲ್ಲಿ. ರಸ್ತೆ ಮುಂದೆ ಹೋದಂತೆ ಟೆಂಟೂ ಮುಂದೆ ಹೋಗುತ್ತಿತ್ತು. ಪೌಷ್ಟಿಕ ಆಹಾರವಿಲ್ಲ, ಕ್ಷಯ, ಭೇದಿ. ಎಷ್ಟೋ ಮಕ್ಕಳು ಅಲ್ಲಿಯೇ ತೀರಿಕೊಂಡರು. ಟಿಬೆಟಿಯನ್ನರ ಶಿಶುಶಿಕ್ಷಣ ಹುಟ್ಟಿದ್ದು ಯಾವುದೋ ಶಿಕ್ಷಣ ತಜ್ಞರ ಯೋಜನೆಯಿಂದಲ್ಲ. ಈ ರಸ್ತೆ ಬದಿಯಿಂದ. 1960ರ ಮೇ 17ರಂದು ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲೆಗೆ ಬಂದರು. ಬಹಳ ಜನಕ್ಕೆ ಕಾಯಿಲೆ, ಎಲ್ಲರೂ ಬಡಕಲು. ಅವರನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮುಂದೆ ಬಂದವರು ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ. ಅದಕ್ಕೆ ಇಟ್ಟ ಹೆಸರು ಬಹಳ ಸಾದಾ: ಟಿಬೆಟಿಯನ್ ನಿರಾಶ್ರಿತ ಮಕ್ಕಳ ನರ್ಸರಿ.

ಇಲ್ಲಿ ‘ನರ್ಸರಿ’ ಎಂಬ ಪದದ ಅರ್ಥವನ್ನು ಸ್ವಲ್ಪ ನಿಂತು ನೋಡಬೇಕು. ನಮಗದು ಎಲ್‌ಕೆಜಿಯ ಹಿಂದಿನ ವರ್ಷ. ಅವರಿಗೆ ಅದು ಮಗು ಬದುಕುಳಿಯುವ ಜಾಗ. ಮೊದಮೊದಲು ಅಲ್ಲಿ ಪಾಠ ಅನ್ನುವುದೇ ಇರಲಿಲ್ಲ ಎನ್ನಬಹುದು. ಊಟ, ಸ್ನಾನ, ಔಷಧಿ, ಮಲಗಲು ಬೆಚ್ಚನೆಯ ಜಾಗ, ಅಷ್ಟೇ. ಎಂಟು ವರ್ಷ ತುಂಬಿದ ಮಕ್ಕಳನ್ನು ಭಾರತ ಸರ್ಕಾರ ಆಗ ತೆರೆಯುತ್ತಿದ್ದ ವಸತಿ ಶಾಲೆಗಳಿಗೆ ಕಳಿಸುತ್ತಿದ್ದರು. ಅಂಥ ಮೊದಲ ಶಾಲೆ 1960ರ ಮಾರ್ಚಿನಲ್ಲಿ ಮಸ್ಸೂರಿಯಲ್ಲಿ ಶುರುವಾಗಿತ್ತು. ಟಿಬೆಟಿಯನ್ ಮಕ್ಕಳಿಗೆ ಪ್ರತ್ಯೇಕ ಶಾಲೆಗಳು ಇರಬೇಕು, ಅವರ ಭಾಷೆ ಸಂಸ್ಕೃತಿ ಉಳಿಯಬೇಕು ಎಂಬುದಕ್ಕೆ ನೆಹರೂ ಒಪ್ಪಿದ್ದರು. 1961ರಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ಅಡಿಯಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆಯೂ ಆಯಿತು. ದೊಡ್ಡ ಮಕ್ಕಳಿಗೆ ಹೀಗೆ ಸರ್ಕಾರದ ಆಸರೆ ಸಿಕ್ಕಿತು. ತೀರಾ ಚಿಕ್ಕವರ ಭಾರ ಬಿದ್ದದ್ದು ಸಮುದಾಯದ ಮೇಲೆ, ಅದರಲ್ಲೂ ಹೆಂಗಸರ ಮೇಲೆ.

ತ್ಸೆರಿಂಗ್ ಡೋಲ್ಮಾ ಹೆಚ್ಚು ಕಾಲ ಬದುಕಲಿಲ್ಲ, 1964ರಲ್ಲಿ ತೀರಿಕೊಂಡರು. ಆಗ ನರ್ಸರಿಯನ್ನು ವಹಿಸಿಕೊಂಡವರು ತಂಗಿ ಜೆತ್ಸುನ್ ಪೆಮಾ. ಇಪ್ಪತ್ತರ ಹರೆಯದ ಹುಡುಗಿ. 2006ರವರೆಗೆ, ಅಂದರೆ 42 ವರ್ಷ ಅವರು ಅಲ್ಲಿಯೇ ಇದ್ದರು. ನಮ್ಮ ಐಟಿ ಕ್ಷೇತ್ರದಲ್ಲಿ ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ನನ್ನಂಥವರಿಗೆ ಈ ಅಂಕಿ ಓದಿದಾಗ ಒಮ್ಮೆ ಉಸಿರು ನಿಲ್ಲುತ್ತದೆ. ವಸತಿ ಶಾಲೆಗಳು ತುಂಬಿಹೋಗಿ ಎಂಟು ದಾಟಿದವರನ್ನು ಕಳಿಸಲು ಜಾಗವಿಲ್ಲದಾಗ ನರ್ಸರಿ ತಾನೇ ಬೆಳೆಯಬೇಕಾಯಿತು. ದೊಡ್ಡ ಹಾಸ್ಟೆಲ್ ಕಟ್ಟುವ ಬದಲು ಅವರು ಮಕ್ಕಳನ್ನು ಮನೆಗಳಾಗಿ ಹಂಚಿದರು. ಒಂದೊಂದು ಮನೆಗೆ ಒಬ್ಬ ತಾಯಿ, ಅವಳ ಕೈಕೆಳಗೆ ಎಲ್ಲ ವಯಸ್ಸಿನ ಮಕ್ಕಳು, ಎಲ್ಲರಿಗೂ ಪಾಲಿನ ಕೆಲಸ. 1972ರಲ್ಲಿ ಅದೇ ‘ಟಿಬೆಟಿಯನ್ ಚಿಲ್ಡ್ರನ್ಸ್ ವಿಲೇಜ್’ ಆಯಿತು.

ಈಗ ಕರ್ನಾಟಕಕ್ಕೆ ಬರೋಣ. ನಿರಾಶ್ರಿತರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳಿಗೆ ಬರೆದಾಗ ದೊಡ್ಡ ಮನಸ್ಸಿನಿಂದ ಸ್ಪಂದಿಸಿದ್ದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 3,000 ಎಕರೆ ಕೊಟ್ಟಿತು. ಆ ಹೊತ್ತಿಗೆ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ, ಆದರೆ ಟಿಬೆಟಿಯನ್ನರು ಇಂದಿಗೂ ಕೃತಜ್ಞತೆಯಿಂದ ಹೇಳುವುದು ಎಸ್. ನಿಜಲಿಂಗಪ್ಪನವರ ಹೆಸರನ್ನು. 1960ರ ಡಿಸೆಂಬರಿನಲ್ಲಿ ಮೊದಲ ತಂಡ ಬಂದಿಳಿಯಿತು. ಮುಂದೆ 1966ರಲ್ಲಿ ಉತ್ತರ ಕನ್ನಡದ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸಾಹತು, ಆಮೇಲೆ ಹುಣಸೂರಿನ ಹತ್ತಿರ ಗುರುಪುರ, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯ. ಹೀಗೆ ಐದು ವಸಾಹತುಗಳಾದವು.

ನಾವು ಈಗ ಕುಶಾಲನಗರದ ಪಕ್ಕ ‘ಗೋಲ್ಡನ್ ಟೆಂಪಲ್’ ನೋಡಲು ಹೋಗಿ, ಮೋಮೋ ತಿಂದು, ಫೋಟೋ ತೆಗೆಸಿಕೊಂಡು ಬರುತ್ತೇವಲ್ಲ, ಅದೇ ಜಾಗ ಇದು. ಮೊದಲ ತಂಡ ಬಂದಾಗ ಅಲ್ಲಿದ್ದದ್ದು ಕಾಡು. ಟೆಂಟುಗಳಲ್ಲಿ ವಾಸ, ಮರ ಕಡಿದು ಬೇರು ಕಿತ್ತು ಹೊಲ ಮಾಡುವ ಕೆಲಸ, ರಾತ್ರಿ ಆನೆಗಳು. ಸೆಖೆ ಮತ್ತು ಕಾಯಿಲೆಯಿಂದ ಮೊದಲ ವರ್ಷಗಳಲ್ಲಿ ಬಹಳ ಜನ ಸತ್ತರು. ಯಾಕ್ ಮೇಯಿಸುತ್ತಿದ್ದವರು, ಬಾರ್ಲಿ ಬೆಳೆಯುತ್ತಿದ್ದವರು ಇಲ್ಲಿ ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಮುಂಡಗೋಡದಲ್ಲಿಯೂ ಬೈಲಕುಪ್ಪೆಯಲ್ಲಿಯೂ ಅವರ ಹಳ್ಳಿಗಳನ್ನು ಇವತ್ತಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ, ನಂಬರು ಹಾಕಿ. ಹಂಚಿನ ಮನೆ, ಕಾಂಕ್ರೀಟ್ ಮನೆ ಎಲ್ಲ ಬಂದರೂ ಕ್ಯಾಂಪ್ ಎಂಬ ಹೆಸರು ಹೋಗಿಲ್ಲ.

ನಮ್ಮಲ್ಲಿ ಸ್ವಸಹಾಯ ಸಂಘದ ಬಗ್ಗೆ ಗೊತ್ತಿರುವವರಿಗೆ ‘ಮೈರಾಡ’ ಎಂಬ ಸಂಸ್ಥೆಯ ಹೆಸರು ಗೊತ್ತಿರುತ್ತದೆ. ಕರ್ನಾಟಕದ ಹಳ್ಳಿಯ ಹೆಂಗಸರ ಸಂಘಗಳಿಗೆ 1980ರ ದಶಕದಲ್ಲಿ ಅಡಿಪಾಯ ಹಾಕಿದ ಸಂಸ್ಥೆಗಳಲ್ಲಿ ಅದು ಮುಖ್ಯವಾದದ್ದು. ಅದು 1968ರಲ್ಲಿ ಹುಟ್ಟಿದ್ದು ಈ ಟಿಬೆಟಿಯನ್ನರ ಪುನರ್ವಸತಿಗಾಗಿ! ನಿರಾಶ್ರಿತರಿಗಾಗಿ ಶುರುವಾದ ಸಂಸ್ಥೆ ಕೊನೆಗೆ ನಮ್ಮ ಹೆಣ್ಣುಮಕ್ಕಳಿಗೇ ಹೆಚ್ಚು ಉಪಯೋಗಕ್ಕೆ ಬಂತು.

ಕಾಡು ಕಡಿಯುವ ತಾಯಿಗೂ ಕಲ್ಲು ಒಡೆಯುವ ತಾಯಿಗೂ ಸಮಸ್ಯೆ ಒಂದೇ. ಆನೆ ಬರುವ ಕಾಡಿನಲ್ಲಿ ಮೂರು ವರ್ಷದ ಮಗುವನ್ನು ಹೊಲದ ಬದುವಿನ ಮೇಲೆ ಕೂರಿಸಲು ಆಗುವುದಿಲ್ಲ. ಆಗ ಕೈಗೆ ಬಂದವರು ಮುದುಕಿಯರು, ಮತ್ತು ಸ್ವಲ್ಪ ಓದು ಬರಹ ಬಲ್ಲ ಹುಡುಗಿಯರು. ಮಕ್ಕಳನ್ನು ಒಂದು ಕಡೆ ಸೇರಿಸಿ ನೋಡಿಕೊಳ್ಳುವ ಶಿಶುವಿಹಾರಗಳು ವಸಾಹತುಗಳ ಬದುಕಿನ ಭಾಗವಾದದ್ದು ಹೀಗೆ. ಬೇಸಾಯದ ಆದಾಯ ಸಾಲದೆ ಜನ ಸ್ವೆಟರ್ ವ್ಯಾಪಾರಕ್ಕೆ ಇಳಿದಾಗ ಅದು ಇನ್ನಷ್ಟು ಬೇಕಾಯಿತು. ಲುಧಿಯಾನದಿಂದ ಉದ್ರಿ ಮೇಲೆ ಮಾಲು ತಂದು, ಸುಗ್ಗಿ ಮುಗಿಸಿ, ಅಕ್ಟೋಬರಿನಿಂದ ಜನವರಿಯವರೆಗೆ ಹುಬ್ಬಳ್ಳಿ, ಪುಣೆ, ಮುಂಬೈ, ಬೆಂಗಳೂರಿನ ಫುಟ್‌ಪಾತುಗಳಲ್ಲಿ ಮಾರಿ, ಸಾಲ ತೀರಿಸಿ ಮನೆಗೆ ಹೋಗುವುದು. ಆ ತಿಂಗಳುಗಳಲ್ಲಿ ಕ್ಯಾಂಪುಗಳಲ್ಲಿ ಉಳಿಯುವವರು ಅಜ್ಜ ಅಜ್ಜಿಯರು ಮತ್ತು ಮಕ್ಕಳು. ನರ್ಸರಿಯ ಬಾಗಿಲು ತೆರೆದಿದ್ದರೆ ಮಾತ್ರ ಪುಣೆಯಲ್ಲಿ ಸ್ವೆಟರ್ ಅಂಗಡಿ ತೆರೆಯುತ್ತದೆ.

ಮಕ್ಕಳಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಬಂದಾಗ ಅವರು ಮಾಂಟೆಸ್ಸರಿ ವಿಧಾನವನ್ನು ತಮಗೆ ಒಗ್ಗಿಸಿಕೊಂಡರು. ಇದು ನನಗೆ ಬಹಳ ಹಿಡಿಸಿದ ವಿಷಯ. ನಮ್ಮ ಏರಿಯಾದಲ್ಲಿ ಮಾಂಟೆಸ್ಸರಿ ಎಂಬ ಹೆಸರು ಬೋರ್ಡಿನಲ್ಲಿದ್ದರೆ ಫೀಸು ಸ್ವಲ್ಪ ಜಾಸ್ತಿ ಎಂದೇ ಅರ್ಥ. ಆದರೆ ಮರಿಯಾ ಮಾಂಟೆಸ್ಸರಿ ಅವರ ಮೊದಲ ‘ಮಕ್ಕಳ ಮನೆ’ 1907ರ ಜನವರಿ 6ರಂದು ತೆರೆದದ್ದು ರೋಮಿನ ಸಾನ್ ಲೊರೆಂಜೋ ಎಂಬ ಬಡ ಕೂಲಿಗಳ ವಠಾರದಲ್ಲಿ. ತಂದೆ ತಾಯಿ ಕೆಲಸಕ್ಕೆ ಹೋದಾಗ ಮಕ್ಕಳು ಹೊಸ ಗೋಡೆಗಳನ್ನು ಗೀಚಿ ಹಾಳು ಮಾಡುತ್ತಾರೆ, ಯಾರಾದರೂ ನೋಡಿಕೊಳ್ಳಲಿ ಎಂಬುದು ಕಟ್ಟಡದ ಮಾಲೀಕರ ಆಸೆ. (ಲಿಫ್ಟಿನಲ್ಲಿ ಗೀಚಬೇಡಿ ಎಂದು ನಮ್ಮ ಸೊಸೈಟಿ ಗ್ರೂಪಿನಲ್ಲಿ ಬರುವ ಮೆಸೇಜುಗಳು ನೆನಪಾದರೆ ಅದು ನನ್ನ ತಪ್ಪಲ್ಲ.) ಮೊದಲ ಮಹಾಯುದ್ಧದ ಕಾಲದಲ್ಲಿ, ಯುದ್ಧದಿಂದ ಮನೆ ಕಳೆದುಕೊಂಡ ಮಕ್ಕಳ ಮನಸ್ಸಿನ ಗಾಯಕ್ಕೆ ಔಷಧಿಯಾಗುವಂಥ ಶಿಕ್ಷಣ ಬೇಕು, ಅದಕ್ಕಾಗಿ ರೆಡ್‌ಕ್ರಾಸಿನಂತೆ ಒಂದು ‘ವೈಟ್ ಕ್ರಾಸ್’ ಬೇಕು ಎಂದು ಅವರು ವಾದಿಸಿದ್ದರು. ಅದು ಕೈಗೂಡಲಿಲ್ಲ.

ಆಮೇಲೆ ಅವರೂ ಊರು ಬಿಟ್ಟವರೇ. ಮುಸೊಲಿನಿಯ ಜತೆ ಹೊಂದಲಾಗದೆ 1934ರಲ್ಲಿ ಇಟಲಿ ಬಿಟ್ಟರು, 1936ರಲ್ಲಿ ಅಂತರ್ಯುದ್ಧದಿಂದಾಗಿ ಸ್ಪೇನ್ ಬಿಟ್ಟರು. 1939ರಲ್ಲಿ ಥಿಯಸಾಫಿಕಲ್ ಸೊಸೈಟಿಯವರು ಕರೆದರೆಂದು ಮದರಾಸಿನ ಅಡ್ಯಾರಿಗೆ ಬಂದರು. ಮರು ವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷರ ಕಣ್ಣಿಗೆ ಅವರು ‘ಶತ್ರು ದೇಶದ ಪ್ರಜೆ’. ಮಗ ಮಾರಿಯೋನನ್ನು ಬಂಧಿಸಿದರು. ಆಕೆಯ 70ನೆಯ ಹುಟ್ಟುಹಬ್ಬದ ದಿನ ಬಿಟ್ಟರು. ಹಾಗೆ ಇಲ್ಲೇ ಸಿಕ್ಕಿಬಿದ್ದ ವರ್ಷಗಳಲ್ಲಿ ಅವರು ತರಬೇತಿ ಕೊಟ್ಟ ಶಿಕ್ಷಕರು ಸಾವಿರಕ್ಕೂ ಹೆಚ್ಚು. ನಮ್ಮ ದೇಶದಲ್ಲಿ ಮಾಂಟೆಸ್ಸರಿ ಇಷ್ಟು ಹರಡಲು ಅದೇ ಮುಖ್ಯ ಕಾರಣ. ಹೀಗೆ ಊರು ಕಳೆದುಕೊಂಡವರ ಕೈಯಿಂದ ಬಂದ ವಿಧಾನ ಊರು ಕಳೆದುಕೊಂಡವರ ಕೈಗೇ ಸೇರಿತು.

ಮಹಾರಾಷ್ಟ್ರದಲ್ಲಿ ಕುಳಿತು ಬರೆಯುವಾಗ ತಾರಾಬಾಯಿ ಮೋಡಕ್ ಅವರ ಹೆಸರು ಹೇಳದಿದ್ದರೆ ಆಗುವುದಿಲ್ಲ. ಗಿಜುಭಾಯಿ ಬಧೇಕಾ ಅವರ ಜತೆ ಭಾವನಗರದಲ್ಲಿ ಮಾಂಟೆಸ್ಸರಿ ಪ್ರಯೋಗ ಮಾಡಿದ ತಾರಾಬಾಯಿ, 1945ರಲ್ಲಿ ಕೊಂಕಣ ಕರಾವಳಿಯ ಬೋರ್ಡಿ ಹಳ್ಳಿಗೆ ಬಂದು ಬಾಲವಾಡಿ ತೆರೆದರು. ದಲಿತರ, ಆದಿವಾಸಿಗಳ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಮಕ್ಕಳು ಬಾರದಿದ್ದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಎಂದು ತಾರಾಬಾಯಿ ಮತ್ತು ಅನುತಾಯಿ ವಾಘ್ ಅವರ ಕೇರಿಯ ಅಂಗಳಗಳಲ್ಲೇ ಶಾಲೆ ನಡೆಸಿದರು. ಅದೇ ಅಂಗನವಾಡಿ. ಇಡೀ ದೇಶ ಇವತ್ತು ಬಳಸುವ ಪದ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ತಿ. ನರಸೀಪುರ. ಅದೂ ಮೈಸೂರು ಜಿಲ್ಲೆಯೇ. ಅಂದರೆ ಬೈಲಕುಪ್ಪೆಯ ಟಿಬೆಟಿಯನ್ ತಾಯಂದಿರು ಮಕ್ಕಳನ್ನು ಒಂದೆಡೆ ಸೇರಿಸಿ ನೋಡಿಕೊಳ್ಳಲು ಶುರುಮಾಡಿ ಎಷ್ಟೋ ವರ್ಷಗಳಾದ ಮೇಲೆ, ಅದೇ ಜಿಲ್ಲೆಯ ನಮ್ಮ ಹಳ್ಳಿಯ ಮಕ್ಕಳಿಗೆ ಅಂಗನವಾಡಿ ಬಂತು.

ಈಗ ನಿಜವಾದ ತಕರಾರಿನ ವಿಷಯಕ್ಕೆ ಬರುತ್ತೇನೆ. ಭಾಷೆ.

1960ರ ದಶಕದ ಆರಂಭದಲ್ಲಿ ನೂರಕ್ಕೂ ಹೆಚ್ಚು ಟಿಬೆಟಿಯನ್ ಮಕ್ಕಳನ್ನು ಸ್ವಿಟ್ಜರ್ಲೆಂಡಿನ ಕುಟುಂಬಗಳು ಸಾಕಲು ಕರೆದುಕೊಂಡು ಹೋದವು. ಒಳ್ಳೆಯ ಉದ್ದೇಶವೇ. ಕಾಯಿಲೆಯ ಶಿಬಿರದಿಂದ ಒಳ್ಳೆಯ ಮನೆಗೆ, ಒಳ್ಳೆಯ ಶಾಲೆಗೆ. ಅವರಲ್ಲಿ ಎಲ್ಲರೂ ಅನಾಥರಾಗಿರಲಿಲ್ಲ. ಹಲವರ ತಾಯಿ ತಂದೆ ಭಾರತದಲ್ಲಿ ಬದುಕಿದ್ದರು. ಆ ಮಕ್ಕಳಲ್ಲಿ ಎಷ್ಟೋ ಜನ ಬೆಳೆದು ದೊಡ್ಡವರಾಗಿ ಹೆತ್ತ ತಾಯಿಯ ಮುಂದೆ ನಿಂತಾಗ ಇಬ್ಬರಿಗೂ ಸಾಮಾನ್ಯವಾದ ಒಂದು ಭಾಷೆ ಇರಲಿಲ್ಲ. ಮಕ್ಕಳು ಆಡುತ್ತಿದ್ದದ್ದು ಸ್ವಿಸ್ ಜರ್ಮನ್. ಹೆತ್ತವಳ ಮುಂದೆ ಭಾಷಾಂತರಕಾರನನ್ನು ಕೂರಿಸಿಕೊಂಡು ಮಾತಾಡುವುದು ಹೇಗಿರುತ್ತದೆ ಎಂದು ನನಗೆ ಊಹಿಸಲೂ ಆಗುವುದಿಲ್ಲ.

ಭಾರತದಲ್ಲಿ ಉಳಿದ ಮಕ್ಕಳ ಶಾಲೆಗಳೂ ಆಗ ಇಂಗ್ಲಿಷ್ ಮಾಧ್ಯಮದವೇ. ಟಿಬೆಟಿಯನ್ ಒಂದು ವಿಷಯವಾಗಿ ಇತ್ತು, ನಮ್ಮ ಮಕ್ಕಳಿಗೆ ಹಿಂದಿಯೋ ಮರಾಠಿಯೋ ಇರುವ ಹಾಗೆ. ಇಪ್ಪತ್ತೈದು ವರ್ಷ ಹೀಗೆ ನಡೆಯಿತು. ಮಕ್ಕಳು ಪಾಸಾದರು, ನರ್ಸುಗಳಾದರು, ಶಿಕ್ಷಕರಾದರು. ಆದರೆ ಮಾತಿನ ನಡುವೆ ಹಿಂದಿ, ಇಂಗ್ಲಿಷ್ ತುಂಬಿಕೊಂಡಿತು, ಬರೆಯುವುದು ಕಷ್ಟವಾಯಿತು. 1985ರಲ್ಲಿ ಚಿಲ್ಡ್ರನ್ಸ್ ವಿಲೇಜ್ ಶಾಲೆಗಳು ದಾರಿ ಬದಲಿಸಿದವು. ಐದನೆಯ ತರಗತಿಯವರೆಗೆ ಎಲ್ಲ ವಿಷಯಗಳೂ ಟಿಬೆಟಿಯನ್ನಿನಲ್ಲಿ. ಗಣಿತಕ್ಕೆ ಪದ ಇಲ್ಲ, ವಿಜ್ಞಾನಕ್ಕೆ ಪುಸ್ತಕ ಇಲ್ಲ. ಪದ ಕಟ್ಟಿದರು, ಪುಸ್ತಕ ಬರೆದರು. 1990ರ ದಶಕದಲ್ಲಿ ಬೇರೆ ಟಿಬೆಟಿಯನ್ ಶಾಲೆಗಳಿಗೂ ಇದು ಹಬ್ಬಿತು. 2004ರಲ್ಲಿ ದೇಶಭ್ರಷ್ಟ ಟಿಬೆಟಿಯನ್ ಆಡಳಿತ ಒಪ್ಪಿದ ಮೂಲ ಶಿಕ್ಷಣ ನೀತಿಯಲ್ಲಿ ಮಗುವಿನ ಮೊದಲ ವರ್ಷಗಳ ಕಲಿಕೆಯನ್ನು ತಾಯ್ನುಡಿಯ ಮೇಲೆ ನಿಲ್ಲಿಸಿದರು. ನಮ್ಮ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದಲ್ಲೆಲ್ಲ ಐದನೆಯ ತರಗತಿವರೆಗಾದರೂ ತಾಯ್ನುಡಿ ಇರಲಿ ಎಂದು ಹೇಳಿದ್ದು 2020ರಲ್ಲಿ.

ಇದರಲ್ಲಿ ನರ್ಸರಿಯ ಪಾತ್ರ ದೊಡ್ಡದು. ಟಿಬೆಟ್ ಎಂದರೆ ಒಂದೇ ಮಾತಲ್ಲ. ಲಾಸಾ ಕಡೆಯ ಊ-ತ್ಸಾಂಗ್ ಮಾತು ಬೇರೆ, ಪೂರ್ವದ ಖಾಮ್ ಮಾತು ಬೇರೆ, ಉತ್ತರದ ಆಮ್ದೋ ಮಾತು ಇನ್ನೂ ಬೇರೆ. ಒಬ್ಬರದು ಒಬ್ಬರಿಗೆ ಅರ್ಥವಾಗುವುದು ಕಷ್ಟ. ಹಳೆಯ ನಾಡಿನಲ್ಲಿ ಇವರು ಅಕ್ಕಪಕ್ಕ ಇರುತ್ತಿರಲಿಲ್ಲ. ವಸಾಹತಿನ ಒಂದೇ ಜಮಖಾನದ ಮೇಲೆ ಮೂರೂ ಕಡೆಯ ಮಕ್ಕಳು ಕೂತು ಆಡುತ್ತ ಆಡುತ್ತ ಎಲ್ಲರಿಗೂ ಆಗುವ ಒಂದು ಮಾತು ಬೆಳೆಯಿತು. ನಮ್ಮ ಸಂಘದ ರಾಜ್ಯೋತ್ಸವದ ದಿನ ಧಾರವಾಡ, ಮಂಗಳೂರು, ಕಲಬುರಗಿ, ಮೈಸೂರು ಕನ್ನಡ ಒಂದೇ ಊಟದ ಸಾಲಿನಲ್ಲಿ ಸೇರಿದಾಗ ಆಗುವ ಗಲಾಟೆ ನೆನಪಿಸಿಕೊಳ್ಳಿ. ನಮ್ಮ ಮಕ್ಕಳು ಮಾತ್ರ ಆ ಸಾಲಿನಲ್ಲಿ ತಮ್ಮ ತಮ್ಮಲ್ಲಿ ಮಾತಾಡುವುದು ಇಂಗ್ಲಿಷಿನಲ್ಲಿ.

ಇನ್ನೊಂದು ಸಂತೋಷದ ವಿಷಯ. ಟಿಬೆಟಿಯನ್ ಅಕ್ಷರಮಾಲೆಯಲ್ಲಿ 30 ವ್ಯಂಜನಗಳು, ಮೇಲೆ ನಾಲ್ಕು ಸ್ವರ ಚಿಹ್ನೆಗಳು. ಏಳನೆಯ ಶತಮಾನದಲ್ಲಿ ತೋನ್ಮಿ ಸಂಭೋಟ ಎಂಬ ಮಂತ್ರಿ ಭಾರತಕ್ಕೆ ಬಂದು ಇಲ್ಲಿನ ಲಿಪಿ ನೋಡಿ ಅದನ್ನು ರೂಪಿಸಿದ ಎಂಬುದು ಅವರ ಪರಂಪರೆಯ ನಂಬಿಕೆ. ಹಾಗಾಗಿ ಅವರ ಮಗು ಬಾಯಿಪಾಠ ಮಾಡುವುದು: ಕ, ಖ, ಗ, ಙ. ಆಮೇಲೆ ಚ, ಛ, ಜ, ಞ. ‘ಘ’, ‘ಝ’ ಇಲ್ಲ ಅಷ್ಟೇ. ನಮ್ಮ ಮಕ್ಕಳಿಗೆ ಕಲಿಸುವಾಗ ‘ಙ’ ಯಾಕಮ್ಮಾ, ಯಾವ ಶಬ್ದಕ್ಕೂ ಬರುವುದಿಲ್ಲವಲ್ಲ ಎಂದು ಕೇಳುತ್ತಾರೆ. ಟಿಬೆಟಿಯನ್ನಿನಲ್ಲಿ ‘ಙ’ ಎಂದರೆ ‘ನಾನು’. ನಾವು ಕೈಬಿಟ್ಟ ಅಕ್ಷರದಿಂದಲೇ ಅವರು ತಮ್ಮನ್ನು ಕರೆದುಕೊಳ್ಳುತ್ತಾರೆ.

ನಾವು ನಿರಾಶ್ರಿತರಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಸಂಬಳಕ್ಕಾಗಿ, ಇಷ್ಟಪಟ್ಟು ಬಂದವರು. ಬೇಕೆಂದಾಗ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಹುಬ್ಬಳ್ಳಿ. ಅವರ ಕಷ್ಟಕ್ಕೂ ನಮ್ಮ ಅನುಕೂಲಕ್ಕೂ ಹೋಲಿಕೆ ಮಾಡಿದರೆ ತಪ್ಪಾಗುತ್ತದೆ. ಆದರೆ ಒಂದು ಲೆಕ್ಕ ಇಬ್ಬರಿಗೂ ಒಂದೇ. ವಾರಕ್ಕೆ ಒಂದು ಗಂಟೆಯ ಕನ್ನಡ ಕ್ಲಾಸಿನಿಂದ ಅಕ್ಷರ ಬರುತ್ತದೆ, ಭಾಷೆ ಬರುವುದಿಲ್ಲ. ಭಾಷೆ ಬರುವುದು ಮೂರರಿಂದ ಆರರ ನಡುವೆ, ಬಿದ್ದಾಗ ಎತ್ತಿಕೊಳ್ಳುವವರು, ಊಟಕ್ಕೆ ಕರೆಯುವವರು ಯಾವ ಮಾತಿನಲ್ಲಿ ಕರೆಯುತ್ತಾರೋ ಅದರಲ್ಲಿ. ಟಿಬೆಟಿಯನ್ನರಿಗೆ ಇದು ಅರ್ಥವಾಗಲು ಇಪ್ಪತ್ತೈದು ವರ್ಷ ಬೇಕಾಯಿತು. ಅವರು ಅದನ್ನು ಹೈಸ್ಕೂಲಿನಿಂದ ಸರಿಪಡಿಸಲು ಹೋಗಲಿಲ್ಲ, ಪುಟ್ಟ ಮಕ್ಕಳಿಂದ ಶುರುಮಾಡಿದರು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಕಲಿಯಬೇಕಾದ್ದು ಇದೇ.

ನಿರಾಶ್ರಿತರ ಸ್ಥಿತಿಗೆ ಹತ್ತಿರ ಇರುವ ಕನ್ನಡಿಗರು ಪುಣೆಯಲ್ಲಿ ಬೇರೆ ಇದ್ದಾರೆ. ನಾವಿರುವ ಮಗರಪಟ್ಟಾ ಒಂದು ಕಾಲಕ್ಕೆ ಹೊಲ. ನೂರಿಪ್ಪತ್ತಕ್ಕೂ ಹೆಚ್ಚು ರೈತ ಕುಟುಂಬಗಳು ಸೇರಿ ತಮ್ಮ ಸುಮಾರು 400 ಎಕರೆಯನ್ನು ಒಟ್ಟುಗೂಡಿಸಿ ಕಟ್ಟಿದ ಊರು ಇದು, ಆ ಕಥೆ ಎಲ್ಲರಿಗೂ ಗೊತ್ತು. ಆದರೆ ಹಡಪಸರ, ಖರಾಡಿ ಸುತ್ತ ಏಳುವ ಟವರುಗಳ ಇಟ್ಟಿಗೆ ಹೊತ್ತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ನಮ್ಮವರು ಎಷ್ಟಿದ್ದಾರೆಂದು ಬೇಲಿಯ ಪಕ್ಕ ಒಂದು ನಿಮಿಷ ನಿಂತರೆ ಕಿವಿಗೇ ತಿಳಿಯುತ್ತದೆ. ತಗಡಿನ ಶೆಡ್ಡು, ಕಟ್ಟಡ ಮುಗಿದರೆ ಮುಂದಿನ ಕಟ್ಟಡ. ರಸ್ತೆ ಮುಂದೆ ಹೋದಂತೆ ಟೆಂಟೂ ಮುಂದೆ ಹೋಗುತ್ತಿತ್ತು ಎಂದೆನಲ್ಲ, ಅದೇ. 1969ರಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆಂದು ದೆಹಲಿಯ ರಾಜಘಾಟಿನಲ್ಲಿ ಕಟ್ಟಡ ಏಳುತ್ತಿದ್ದಾಗ, ಅಲ್ಲಿ ಮಣ್ಣಿನಲ್ಲಿ ಬಿದ್ದಿದ್ದ ಕೂಲಿಗಳ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಒಂದು ಟೆಂಟಿನಲ್ಲಿ ಶಿಶುಪಾಲನಾ ಕೇಂದ್ರ ತೆರೆದರು. ಅದೇ ‘ಮೊಬೈಲ್ ಕ್ರೆಷಸ್’. ಪುಣೆಯಲ್ಲಿ ಆ ಕೆಲಸವನ್ನು ಈಗ ‘ತಾರಾ ಮೊಬೈಲ್ ಕ್ರೆಷಸ್’ ಮಾಡುತ್ತಿದೆ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಇಂಥ ಕೇಂದ್ರ ಇರಲೇಬೇಕೆಂದು 1996ರ ಕಾನೂನೇ ಹೇಳಿತ್ತು. ಅಲ್ಲಿ ಕುಳಿತ ಮಗುವಿಗೆ ‘ಬಾ ಕೂಸ, ಉಣ್ಣು’ ಎನ್ನಲು ಒಬ್ಬರಿದ್ದರೆ ಎಷ್ಟು ಚೆಂದ. ಶನಿವಾರ ಎರಡು ತಾಸು ಬಿಡುವಿದ್ದವರು ನನಗೆ ಹೇಳಿ. ಆ ಮಾತನ್ನು ಮುಂದಿನ ಸಭೆಯಲ್ಲಿ ಇಡುತ್ತೇನೆ.

ಊರಿಗೆ ಕಾರಿನಲ್ಲಿ ಹೋಗುವವರಿಗೆ ದಾರಿಯಲ್ಲೇ ಇಂಥ ಇನ್ನೊಂದು ಜಾಗ ಸಿಗುತ್ತದೆ. ಕೊಲ್ಹಾಪುರದ ಪಕ್ಕ ವಳಿವಡೆ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟಕ್ಕೆ ಗಡೀಪಾರಾಗಿ, ಇರಾನಿನ ದಾರಿಯಿಂದ ಬಂದ ಸುಮಾರು 5,000 ಪೋಲೆಂಡಿನವರು 1943ರಿಂದ 1948ರವರೆಗೆ ಅಲ್ಲಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಐದೇ ವರ್ಷ ಇದ್ದರೂ ಮಕ್ಕಳಿಗೆ ತಮ್ಮ ಭಾಷೆಯಲ್ಲೇ ಶಾಲೆ ನಡೆಸಿದರು. ಅವರು ಹೋದ ಮೇಲೆ ಅದೇ ಬ್ಯಾರಕ್‌ಗಳಿಗೆ ದೇಶವಿಭಜನೆಯ ಸಿಂಧಿ ನಿರಾಶ್ರಿತರು ಬಂದರು. ನಾವು ಮದುವೆ ಬಟ್ಟೆಯ ಹೋಲ್‌ಸೇಲ್ ಎಂದು ಹುಡುಕಿಕೊಂಡು ಹೋಗುವ ಗಾಂಧಿನಗರ ಅದೇ.

ಬೈಲಕುಪ್ಪೆಯ ಈಗಿನ ಸುದ್ದಿ ಬೇರೆ. ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಹೆರಿಗೆಗಳೇ ಕಡಿಮೆ, ಟಿಬೆಟಿನಿಂದ ಹೊಸಬರು ಬರುವುದು ಬಹುತೇಕ ನಿಂತಿದೆ, ಮತ್ತು ಓದಿದ ಹುಡುಗ ಹುಡುಗಿಯರು ಅಮೆರಿಕ, ಕೆನಡಾ, ಯುರೋಪು ಸೇರುತ್ತಿದ್ದಾರೆ. ಕೆಲವು ಕ್ಯಾಂಪುಗಳಲ್ಲಿ ಅಜ್ಜಿಯರಿದ್ದಾರೆ, ಜಮಖಾನ ಇದೆ, ಕೂರುವ ಮಕ್ಕಳು ಕೈಬೆರಳಲ್ಲಿ ಎಣಿಸುವಷ್ಟು. ಕಾಡು ಕಡಿದವರ ಮೊಮ್ಮಕ್ಕಳು ಈಗ ನ್ಯೂಯಾರ್ಕ್, ಟೊರಾಂಟೊ, ಮಿನೆಸೋಟಾದಲ್ಲಿ ನಮ್ಮಂತೆಯೇ ಭಾನುವಾರದ ಶಾಲೆ ನಡೆಸುತ್ತಾರೆ. ಬಾಡಿಗೆ ಹಾಲ್, ಮಡಚುವ ಕುರ್ಚಿಗಳು, ಮನೆಯಿಂದ ತಂದ ತಿಂಡಿ, ವಾರವೆಲ್ಲ ದುಡಿದು ಬಂದ ತಾಯಂದಿರೇ ಟೀಚರು. ಕ, ಖ, ಗ, ಙ ಮುಗಿದೊಡನೆ ಮಕ್ಕಳು ಹಾಲಿನ ಹೊರಗೆ ಓಡುತ್ತ ತಮ್ಮ ತಮ್ಮಲ್ಲಿ ಇಂಗ್ಲಿಷಿನಲ್ಲಿ ಜಗಳ ಶುರುಮಾಡುತ್ತಾರೆ.